ರಾಣಿಗೆ ಕಾಣದ ಭೂತ

ಕುಷ್ಟಗಿಯ ಕಳಕಮ್ಮ ಹಳ್ಳಿ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುತ್ತಲೇ ಕೂದಲು ನೆರೆಸಿಕೊಂಡವಳು. ಗಂಡ ಗ್ಯಾನಪ್ಪ ನಾಟಕದ ಮಾಸ್ತರ. ಹಾರ್ಮೋನಿಯಂ ಹೊತ್ತು ಊರೂರಿಗೆ ಹೋಗಿ, ಹೊಲದಿಂದ ಬಂದ ಹುಡುಗರನ್ನು ಕೂರಿಸಿ ಮಾತು ಕಲಿಸುವುದು ಅವನ ಕಸುಬು. ಕಾಲೇಜಿನ ಮೆಟ್ಟಿಲನ್ನೂ ಹತ್ತಿದ್ದ ಅನ್ನಿ. ಅಲ್ಲಿಂದ ತಂದದ್ದು ಒಂದೇ, ಎಲಿಜಬೆತ್ ರಾಣಿಯ ಕಾಲದ ಇಂಗ್ಲಿಷ್ ದುರಂತ ನಾಟಕಗಳ ಹುಚ್ಚು. ದೊಡ್ಡ ಮನುಷ್ಯ, ಅವನಲ್ಲೊಂದು ಕೊರತೆ, ಅವನ ಕಿವಿ ಊದಲು ಒಂದು ಭೂತ. ಇಷ್ಟಿದ್ದರೆ ಜನ ಅಳದೆ ಎಲ್ಲಿಗೆ ಹೋಗುತ್ತಾರೆ ಎನ್ನುತ್ತಿದ್ದ.

ನವಲಿ ಎಂಬ ಹಳ್ಳಿಯ ಹುಡುಗರಿಗಾಗಿ ಆ ಮಾದರಿಯಲ್ಲೇ ತಾನೊಂದು ನಾಟಕ ಹೊಸೆದ. ಸೇನಾಪತಿ ರಾಜನನ್ನು ಕೊಂದು ರಾಣಿಯನ್ನು ಮದುವೆಯಾಗುತ್ತಾನೆ. ಸತ್ತ ರಾಜ ಭೂತವಾಗಿ ಬಂದು ಮಗನನ್ನು ಕೆಣಕುತ್ತಾನೆ. ಭೂತ ಕಾಣುವುದು ಮಗನಿಗೆ ಮಾತ್ರ. ಪಕ್ಕದಲ್ಲೇ ನಿಂತ ರಾಣಿಗೆ ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ಕಳಕಮ್ಮನೇ ರಾಣಿ. ಭೂತದ ಪಾತ್ರಕ್ಕೆ ಯಾರೂ ಮುಂದೆ ಬರಲಿಲ್ಲ. ಜೀವಂತ ಇರುವಾಗಲೇ ಹೆಣದ ಬಟ್ಟೆ ಹೊದೆಯುವುದುಂಟೆ? ಕೊನೆಗೆ ಗ್ಯಾನಪ್ಪನೇ ಹೊದ್ದ.

ತಾಲೀಮು ನಡೆದಿರುವಾಗಲೇ ಎದೆನೋವು ಬಂದು ತೀರಿಕೊಂಡ. ಆ ಬಟ್ಟೆಯೇ ಅವನನ್ನು ಒಯ್ದಿತು ಎಂದು ಊರೆಲ್ಲ ಆಡಿಕೊಂಡಿತು. ಅವನು ಕಟ್ಟುಗಟ್ಟಲೆ ಬೀಡಿ ಸೇದುತ್ತಿದ್ದದ್ದು ಒಬ್ಬ ಪುಣ್ಯಾತ್ಮನಿಗೂ ನೆನಪಾಗಲಿಲ್ಲ.

ಆಡುತ್ತೇವೆಂದು ಒಪ್ಪಿ ವೀಳ್ಯ ಹಿಡಿದ ಮೇಲೆ ನಾಟಕ ಬಿಡುವಂತಿಲ್ಲ. ತಿಂಗಳು ಕಳೆದು, ಮಗನ ಪಾತ್ರದ ಹಾಲೇಶ ಮನೆಗೆ ಬಂದ.

"ಯವ್ವಾ, ಭೂತದ ಪಾರ್ಟು ಎಲ್ಲಾರೂ ಒಲ್ಲೆ ಅಂತಾರ. ಮಾಸ್ತರ ದನಿ ತಾಲೀಮಿನ್ಯಾಗ ಮೊಬೈಲಿಗೆ ಹಿಡದೀನಿ. ಅದನ್ನ ಸ್ಪೀಕರಿಗೆ ಹಚ್ಚತೀವಿ. ನಿಮಗ ಆಗತೈತೇನ್ರಿ?"

"ಕೇಳಿಸಲಾರದಂಗ ನಿಂದರೂದು ಅಷ್ಟ ಅಲ್ಲಪಾ? ನಿಂದರತೀನಿ. ಅವರ ಕಡೀ ನಾಟಕ. ನನ್ನಿಂದ ಕೆಡಬಾರದು."

ಹೇಳಿದ್ದೇನೋ ಹೇಳಿದಳು. ಆ ದನಿ ಬಂದಾಗ ತಿರುಗದೆ ಇರಬಲ್ಲೆನೇ ಎಂಬ ಹೆದರಿಕೆಗೆ ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ.

ನಾಟಕದ ದಿನ ಮೇಕಪ್ಪಿನವನು ಅವಳ ಬೋಳು ಹಣೆಗೆ ರಾಣಿಯ ಕುಂಕುಮ ಇಟ್ಟ. ಭೂತದ ದೃಶ್ಯ ಬಂತು. ಸ್ಪೀಕರಿನಿಂದ ಗ್ಯಾನಪ್ಪ ಗುಡುಗಿದ: "ಮಗನೇ, ನನ್ನ ರಕ್ತ ಇನ್ನೂ ಆರಿಲ್ಲ!" ಜನ ಉಸಿರು ಬಿಗಿಹಿಡಿದರು. ಕಳಕಮ್ಮ ಸೆರಗಿನೊಳಗೆ ಮುಷ್ಟಿ ಕಟ್ಟಿಕೊಂಡು ಎದುರಿಗೇ ನೋಡುತ್ತ ನಿಂತಳು. ಪಾಪ, ತಿರುಗಲಿಲ್ಲ. ಭೂತದ ಮಾತು ಮುಗಿಯಿತು.

ಹಾಲೇಶ ದನಿ ಹಿಡಿದಿದ್ದನೇ ಹೊರತು ರೆಕಾರ್ಡಿನ ತುದಿ ಕತ್ತರಿಸಿರಲಿಲ್ಲ. ತಾಲೀಮಿನಲ್ಲಿ ಮಾಸ್ತರ ಹೆಂಡತಿಯನ್ನು ತಿದ್ದಿದ್ದೂ ಅದರಲ್ಲೇ ಇತ್ತು.

"ಕಳಕಮ್ಮಾ, ಈ ಕಡೆ ಹೊಳ್ಳಬ್ಯಾಡ. ನಾ ನಿನಗ ಕಾಣಂಗಿಲ್ಲ."

ಕಳಕಮ್ಮ ತಿರುಗಿದಳು. ಅಲ್ಲಿದ್ದದ್ದು ಕಪ್ಪು ಸ್ಪೀಕರು, ಅದರ ವೈರು. ಸ್ಪೀಕರಿನ ಮುಂದೆ ಕುಸಿದು ಕೂತು ಎರಡೂ ಕೈಯಿಂದ ಅದನ್ನು ತಬ್ಬಿಕೊಂಡಳು.

"ಹೌದ್ರಿ, ಕಾಣವಲ್ರಿ," ಎಂದಳು. "ಎಷ್ಟ್ ಹುಡುಕಿದ್ರೂ ಕಾಣವಲ್ರಿ."