ಅಮೋಘಸಿದ್ದನನ್ನು ಸಾಯಿಸುವುದೋ ಬೇಡವೋ

ಮರಿಲಿಂಗಪ್ಪ ಮಾಸ್ತರ ಸಾಲೆಯ ಮಾಸ್ತರನಲ್ಲ, ಬಯಲಾಟದ ಮಾಸ್ತರ. ದೇವಾಪುರದ ಆಚೆಗಿನ ನಮ್ಮ ಹಳ್ಳಿಯಲ್ಲಿ ಆಟ ಬರೆಯುವುದು, ಹಾಡಿಗೆ ಮಟ್ಟು ಕೂರಿಸುವುದು, ಕುಂಟೆ ಹಿಡಿದ ಕೈಗೆ ಕಟ್ಟಿಗೆಯ ಕತ್ತಿ ಹಿಡಿಯಲು ಕಲಿಸುವುದು ಅವನ ಕೆಲಸ. ನಿಜಾಮರ ಕಾಲದ ಉರ್ದು ಸಾಲೆಯಲ್ಲಿ ನಾಲ್ಕು ವರ್ಷ ಕೂತು, ಕನ್ನಡವನ್ನು ಪುರಾಣ ಕೇಳಿ ಕೇಳಿ ಕಲಿತವನು. ಬಾಯಿ ಬಲು ಹೊಲಸು. ತಾಲೀಮಿನಲ್ಲಿ ಹೆಜ್ಜೆ ತಪ್ಪಿದರೆ ನಮ್ಮ ಅಪ್ಪ, ಅಜ್ಜ, ಮನೆಯ ಎತ್ತು ಯಾರನ್ನೂ ಬಿಡುತ್ತಿರಲಿಲ್ಲ. ಆದರೂ ಬೈಸಿಕೊಳ್ಳಲು ಹೋಗುತ್ತಿದ್ದೆವು. ಸುರಪುರದ ಸುತ್ತ ಅವನಂಥ ಆಟ ಬರೆಯುವವನು ಇನ್ನೊಬ್ಬನಿರಲಿಲ್ಲ. ಪುರಾಣದ ವೀರರನ್ನು ಅವನು ಹಿಂದೆಮುಂದೆ ನೋಡದೆ ಕೊಲ್ಲುತ್ತಿದ್ದ. ಹೆಂಗಸಿನ ಪಾತ್ರ ನನ್ನದು. ಅವನು ಕೊಂದವರ ಹೆಣದ ಮೇಲೆ ಬಿದ್ದು ಅಳುವುದರಲ್ಲೇ ನಾನು ಹೆಸರು ಮಾಡಿದವನು. ಒಬ್ಬನನ್ನು ಕೊಲ್ಲಲು ಮಾತ್ರ ಅವನಿಗೆ ಕೈ ಬರಲಿಲ್ಲ.

ಅದು 1952ರ ಬೇಸಿಗೆ. ಮೊದಲ ಚುನಾವಣೆ ಮುಗಿದಿತ್ತು. ಈ ಸಲ ಪುರಾಣ ಬೇಡ, ನಮ್ಮೂರಿನದೇ ಕಥೆ ಆಡೋಣ ಎಂದು ಊರು ಹಟ ಹಿಡಿಯಿತು. ಕಥೆ ಅಮೋಘಸಿದ್ದನದು. ನಾಲ್ಕು ವರ್ಷದ ಹಿಂದೆ ನಿಜಾಮನ ಕಡೆಯ ರಜಾಕಾರರ ಗದ್ದಲ ನಡೆದಾಗ ಈ ಕುರಿಗಾರ ಕಂಬಳಿಯೊಳಗೆ ಚೀಟಿ ಮುಚ್ಚಿಟ್ಟುಕೊಂಡು, ಮುಂಬೈ ಸರ್ಕಾರದ ಹದ್ದಿನಲ್ಲಿದ್ದ ಹೋರಾಟಗಾರರ ಶಿಬಿರಕ್ಕೆ ಸುದ್ದಿ ಮುಟ್ಟಿಸುತ್ತಿದ್ದ. ಕುರಿ ಹಿಂದೆ ಹೋಗುವವನನ್ನು ಯಾರು ತಡೆದಾರು? ಆದರೆ ಯಾರೋ ಸುಳಿವು ಕೊಟ್ಟರು. ಶ್ರಾವಣದ ಒಂದು ಸಂಜೆ ರಜಾಕಾರರು ಊರಿಗೆ ಬಂದರು. ಆಮೇಲೆ ಅಮೋಘಸಿದ್ದ ಯಾರಿಗೂ ಕಾಣಲಿಲ್ಲ. ಊರ ಮುಂದಿನ ಹಳ್ಳ ತುಂಬಿ ಹರಿಯುತ್ತಿತ್ತು, ಹೆಣ ಸಿಗಲಿಲ್ಲ. ಕೆಲವರು ಸತ್ತ ಎಂದರು, ಕೆಲವರು ತಪ್ಪಿಸಿಕೊಂಡು ಸೋಲಾಪುರದ ಗಿರಣಿ ಸೇರಿದ್ದಾನೆ ಎಂದರು. ಹೆಂಡತಿ ರೇಣಮ್ಮ ಈ ಎರಡನೆಯ ಮಾತನ್ನು ಗಟ್ಟಿಯಾಗಿ ಹಿಡಿದಳು. ನಾಲ್ಕು ವರ್ಷ ಹಣೆ ತುಂಬ ಕುಂಕುಮ ಇಟ್ಟುಕೊಂಡೇ ಗಂಡನ ಕುರಿ ಕಾಯ್ದಳು.

ಆಟಕ್ಕೆ ಹಂದರ, ದೀಪ, ಊಟ ಎಲ್ಲ ತನ್ನದೆಂದು ಮುಂದೆ ಬಂದವನು ಅಮೋಘಸಿದ್ದನ ಅಣ್ಣ ಚಂದ್ರಾಮಪ್ಪ.

"ಕೊನೀಗೆ ಅಂವ ಗುಂಡ ತಿಂದು ಸಾಯಬೇಕು ನೋಡ ಮಾಸ್ತರ. ಮಂದಿ ಗೊಳೋ ಅಂತ ಅಳಬೇಕು. ಸುರಪುರದಾಗ ಹುತಾತ್ಮರ ಕಲ್ಲ ನಿಲ್ಲಸ್ತಾರಂತ. ಅದರಾಗ ನನ್ನ ತಮ್ಮನ ಹೆಸರ ಬರಲಿ."

ತಮ್ಮನ ಹೆಸರು ಕಲ್ಲಿಗೆ, ತಮ್ಮನ ಕುರಿ ತನ್ನ ಹಟ್ಟಿಗೆ. ಅವನ ಲೆಕ್ಕಾಚಾರ ಊರಿಗೆಲ್ಲ ಗೊತ್ತಿತ್ತು. ಮಕ್ಕಳಿಲ್ಲದ ವಿಧವೆಯನ್ನು ತವರಿಗೆ ಅಟ್ಟುವುದು ಎಷ್ಟು ಹೊತ್ತಿನ ಕೆಲಸ!

ಮರುದಿನ ಮಧ್ಯಾಹ್ನ ತಾಲೀಮು ನಡೆದಿದ್ದ ಗುಡಿಯ ಕಟ್ಟೆಗೆ ರೇಣಮ್ಮ ಬಂದಳು. ಸೆರಗು ಹೊದ್ದು ಕೆಳಗೇ ನಿಂತಳು.

"ಆಟದಾಗ ಅಂವ ಸತ್ತರ ಮರದಿನಾ ನನ್ನ ಬಳಿ ಒಡಸ್ತಾರ್ರಿ ಮಾಸ್ತರ್ರ. ಊರೆಲ್ಲಾ ಕಣ್ಣಾರೆ ಕಂಡಂಗಾತು ಅಂತಾರ. ಹೆಣಾ ಸಿಕ್ಕಿಲ್ಲಂತ ಇಷ್ಟ ದಿನ ಸುಮ್ಮಕ ಅದಾರ. ನೀವು ಅವರಿಗೆ ಹೆಣಾ ಕೊಡಬ್ಯಾಡ್ರಿ."

ಆಟ ನೋಡಿ ಯಾರಾದರೂ ಹೆಣ್ಣಿನ ಬಳೆ ಒಡೆಯುತ್ತಾರೆಯೇ ಎಂದು ಓದಿದ ಜನ ನಗಬಹುದು. ನಗಲಿ. ನಮ್ಮಲ್ಲಿ ದೇವರ ಪಾತ್ರ ಹಾಕಿದವನಿಗೆ ವರ್ಷವಿಡೀ ಕೈ ಮುಗಿಯುತ್ತಾರೆ. ಖಳನಾದವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ. ಆಟದಲ್ಲಿ ಕಂಡದ್ದನ್ನು ಕಚೇರಿಯ ಕಾಗದಕ್ಕಿಂತ ಹೆಚ್ಚು ನಂಬುವ ಮಂದಿ ನಾವು. ರೇಣಮ್ಮ ಸರಿಯಾಗಿಯೇ ಅಂಜಿದ್ದಳು.

ಮಾಸ್ತರ "ನೋಡೂಣು, ಹೋಗವಾ" ಎಂದ. ಬರೆದ, ಹರಿದ, ಮತ್ತೆ ಬರೆದ. ಸಾಯಿಸಿರಿ ಎಂದು ಅವನ ಬೆನ್ನು ಹತ್ತಿದವರಲ್ಲಿ ನಾನೇ ಮುಂದು.

"ಹೆಣದ ಮ್ಯಾಲಿನ ಹಾಡ ಇಲ್ಲಂದ್ರ ಮಂದಿ ಎದ್ದ ಹೋಗ್ತಾರ್ರಿ ಮಾಸ್ತರ್ರ" ಎಂದೆ.

"ಹಾಡ ನಿಂದಪ್ಪ, ಹೆಣಾ ಯಾರದು?" ಎಂದು ನನ್ನನ್ನೇ ನೋಡಿದ. ನನಗೆ ಸಿಟ್ಟು ಬಂತು. ಅದು ನಾಚಿಕೆ ಎಂದು ಆಗ ಗೊತ್ತಾಗಲಿಲ್ಲ.

ರೇಣಮ್ಮನ ಪಾತ್ರಕ್ಕೆ ಬಳೆ ತರಲು ರಂಗಂಪೇಟೆಯ ಸುಗರಾಬಿಯ ಅಂಗಡಿಗೆ ಹೋದೆ. ಯಾರ ಆಟ ಎಂದು ಕೇಳಿದಳು, ಹೇಳಿದೆ. ನನ್ನ ಕೈ ಹಿಸುಕಿ ಬಳೆ ಏರಿಸುತ್ತ ಮೆಲ್ಲಗೆ ಅಂದಳು: "ನಮ್ಮ ಮನಿಯವ್ರನ್ನ ರಜಾಕಾರ್ರು ಓಡಿ ಮಿಲ್ಟ್ರಿ ಬಂದ ಮ್ಯಾಲ ನಿಮ್ಮಂಥವ್ರೇ ಹೊಲದಾಗ ಕಡದ್ರು. ಯಾರ ಗೋಜಿಗೂ ಹೋದವ್ರಲ್ಲ. ಅವ್ರ ಆಟ ಯಾರ ಬರೀತಾರಪ್ಪ?" ನಾನು ಬಳೆ ಇಡಿಸಿಕೊಂಡು ಎದ್ದು ಬಂದೆ. ಮಾಸ್ತರನಿಗೆ ಹೇಳಿದಾಗ ಅವನು ಬರೆದಿಟ್ಟಿದ್ದ ಹಾಳೆಯನ್ನು ಮತ್ತೆ ಹರಿದ.

ಆಟದ ದಿನದವರೆಗೂ ಕೊನೆಯ ದೃಶ್ಯ ಏನೆಂದು ಅವನು ನಮಗೆ ಬಿಟ್ಟುಕೊಡಲಿಲ್ಲ. ರಾತ್ರಿಯಿಡೀ ಆಟ ನಡೆದು ಹೊತ್ತು ಮೂಡುವಾಗ, ಅಮೋಘಸಿದ್ದನ ಪಾತ್ರ ಹಾಕಿದ್ದ ದೇವಿಂದ್ರಪ್ಪನ ಕೈಗೆ ಕೊನೆಯ ಹಾಡು ಬರೆದ ಚೀಟಿ ಕೊಟ್ಟು ರಂಗಕ್ಕೆ ತಳ್ಳಿದ. ಗುಂಡು ಹಾರಿತು. ಅಮೋಘಸಿದ್ದ ಹಳ್ಳಕ್ಕೆ ಜಿಗಿದ. ಚಂದ್ರಾಮಪ್ಪ ಮುಂದಿನ ಸಾಲಿನಲ್ಲಿ ಕಣ್ಣು ಒರೆಸಿಕೊಳ್ಳಲು ಸಿದ್ಧನಾಗಿದ್ದ. ಅಷ್ಟರಲ್ಲಿ ಅಮೋಘಸಿದ್ದ ಆಚೆ ದಂಡೆಯಲ್ಲಿ ಎದ್ದು ನಿಂತು, ಗಿರಣಿಯೂರಿಗೆ ಹೋಗುತ್ತೇನೆ, ತಿರುಗಿ ಬರುತ್ತೇನೆ ಎಂದು ಹಾಡಿದ. ಊರು ಸಿಳ್ಳೆ ಹೊಡೆಯಿತು, ಅತ್ತಿತು. ಚಂದ್ರಾಮಪ್ಪ ಮಂಗಳಾರತಿಗೂ ನಿಲ್ಲದೆ ಎದ್ದು ಹೋದ.

ಆಟ ಮುಗಿದ ಮೇಲೆ ಪಾತ್ರಧಾರಿಯ ಬೀಗರು ನೆಂಟರು ಅವನಿಗೆ ಆಯೇರಿ ಮಾಡುವುದು, ಅಂದರೆ ಹೊಸ ಬಟ್ಟೆ ಹೊದಿಸುವುದು, ನಮ್ಮ ಕಡೆಯ ಪದ್ಧತಿ. ಅವತ್ತು ರೇಣಮ್ಮ ಹೊಸ ರುಮಾಲು ಹಿಡಿದು ರಂಗವೇರಿದಳು. ಹಿಂದೆ ಸರಿಯುತ್ತಿದ್ದ ದೇವಿಂದ್ರಪ್ಪನ ತಲೆಗೆ ತಾನೇ ಸುತ್ತಿದಳು. ಪಾತ್ರಧಾರಿಯ ನೆಂಟರಲ್ಲ, ಪಾತ್ರದ ನಿಜವಾದ ಹೆಂಡತಿಯೇ ಆಯೇರಿ ತಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒಂದು ಹೆಣ್ಣಿನ ಕುಂಕುಮ ಉಳಿಸಿದೆವೆಂದು ನಾವೆಲ್ಲ ಎದೆಯುಬ್ಬಿಸಿ ಮನೆಗೆ ಹೋದೆವು.

ಅವಳು ಇನ್ನೊಂದನ್ನು ತಿಳಿದುಕೊಂಡಿದ್ದಳು. "ಮಾಸ್ತರ ಸುಮ್ಮಸುಮ್ಮಕ ಬರದಾನೇನು? ಅವನ ಮನಿ ಹಳ್ಳದ ದಂಡಿಗೇ ಅದ. ಅಂವ ದಾಟಿ ಹೋಗಿದ್ದು ಕಂಡಾನ. ಬಾಯಿ ಬಿಟ್ಟ ಹೇಳಾಕ ಅಂಜಿ ಆಟದಾಗ ಹೇಳ್ಯಾನ" ಎಂದು ನೆರೆಯವರಿಗೆ ಹೇಳಿ, ಕುರಿಯನ್ನು ಭಾವನ ಹಟ್ಟಿಗೆ ಬಿಟ್ಟು, ಯಾದಗಿರಿಗೆ ನಡೆದು ಸೋಲಾಪುರದ ಗಾಡಿ ಹತ್ತಿಬಿಟ್ಟಳು. ಸುದ್ದಿ ಗೊತ್ತಾದಾಗ ಮಾಸ್ತರ ಮುಖ ಕಪ್ಪಿಟ್ಟು ಕೂತ. ಹಿಂದೆ ಹೋಗಿ ಕರೆದು ತರಬಹುದಿತ್ತು. ಹೋಗಲಿಲ್ಲ.

ಎರಡು ತಿಂಗಳ ಮೇಲೆ ಬಂದಳು. ಮೈಯಲ್ಲಿ ಎಲುಬು ಬಿಟ್ಟು ಏನೂ ಉಳಿದಿರಲಿಲ್ಲ. "ಗಂಡನ್ನ ಹುಡಿಕ್ಕೊಂಡ ತಿರಗಾಕಿಗೆ ಕುರಿ ಯಾಕ?" ಎಂದು ಚಂದ್ರಾಮಪ್ಪ ಹಟ್ಟಿಯ ಮುಂದೆಯೇ ಅಟ್ಟಿದನಂತೆ. ನೆಟ್ಟಗೆ ಗುಡಿಯ ಕಟ್ಟೆಗೆ ಬಂದಳು. ನಾವೆಲ್ಲ ಅಲ್ಲೇ ಇದ್ದೆವು.

"ಎಲ್ಲಾ ಗಿರಣಿ ಬಾಗಲಾ ಕಾಯ್ದೀನ್ರಿ ಮಾಸ್ತರ್ರ. ಅಂವ ಇಲ್ಲ. ನೀವು ಕಂಡೀರಿ. ಇನ್ನೆಲ್ಲಿ ಹುಡಕಲಿ, ಹೇಳ್ರಿ."

ಮಾಸ್ತರ ಕೈಯಲ್ಲಿದ್ದ ತಾಳ ಕೆಳಗಿಟ್ಟ. "ಕಂಡೀನವಾ. ಬಾಗಲದ ಸಂದ್ಯಾಗಿಂದ ಕಂಡೀನಿ. 'ಮಾಸ್ತರ್ರ, ಬಾಗಲಾ ತಗೀರಿ' ಅಂದ. ಅಗಳಿ ಹಾಕಿದ್ದೆ, ತಗೀಲಿಲ್ಲ. ದಂಡಿ ಮ್ಯಾಲ ಹೊಡದ್ರು. ನೀರಾಗ ಎಳದ ಒಗದ್ರು."

ರೇಣಮ್ಮ ಅಳಲಿಲ್ಲ. "ಹಂಗಾರ ಆಟದಾಗ ಅವನ್ನ ಉಳಿಸಿದ್ದು ನನ್ನ ಸಲುವಾಗಿ ಅಲ್ಲ" ಎಂದಳು.

"ಅಲ್ಲ" ಎಂದ ಮಾಸ್ತರ.

"ಇನ್ನೊಮ್ಮಿ ಬರೀರಿ. ಈಗ ಹೆಣಾ ಕೊಡ್ರಿ, ನಾ ಬ್ಯಾಡನ್ನೂದಿಲ್ಲ. ಆದರ ಬಾಗಲಾ ಹಾಕಿದವರ ಹೆಸರ ಹಿಡದ ಬರೀರಿ."

ಎಂಟು ದಿನದಲ್ಲಿ ಬರೆದ. ಅವನು ಬರೆದದ್ದರಲ್ಲೆಲ್ಲ ಅದೇ ಮೇಲು ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅದರಲ್ಲಿ ಅಮೋಘಸಿದ್ದ, ಆ ಸಂಜೆ ಮಾಸ್ತರ ಸಂದಿಯಿಂದ ಕಂಡಂತೆಯೇ, ಓಣಿಯ ನಾಲ್ಕು ಬಾಗಿಲು ಬಡಿಯುತ್ತಾನೆ. ಮೊದಲನೆಯದು ಒಡಹುಟ್ಟಿದ ಚಂದ್ರಾಮಪ್ಪನದು, ಎರಡನೆಯದು ದೇವಿಂದ್ರಪ್ಪನದು, ಕೊನೆಯದು ಮಾಸ್ತರನದೇ. ಆ ಪಾತ್ರವನ್ನು ತಾನೇ ಹಾಕುತ್ತೇನೆಂದ. ತಾಲೀಮಿನ ದಿನ ದೇವಿಂದ್ರಪ್ಪ ಹಾಳೆ ತಿರುವಿ ನೋಡಿ, ಹೊಲದಲ್ಲಿ ಕೆಲಸವಿದೆ ಎಂದು ಎದ್ದ. ಮೇಳದವರು ಒಬ್ಬೊಬ್ಬರಾಗಿ ಎದ್ದರು. ಕಟ್ಟೆಯ ಮೇಲೆ ನಾನೊಬ್ಬ ಉಳಿದೆ.

"ಹೆಣದ ಮ್ಯಾಲಿನ ಹಾಡ ಬೇಕಂದಿದ್ದಿ. ಬರದೀನಿ. ಹಾಡತೀಯೇನು?" ಎಂದ ಮಾಸ್ತರ. ಬೈಯಲಿಲ್ಲ, ಬೇಡಿಕೊಂಡ.

ಮೂರನೆಯ ಬಾಗಿಲು ನಮ್ಮ ಮನೆಯದು. ಆ ಸಂಜೆ ಅಪ್ಪ ಊರಲ್ಲಿರಲಿಲ್ಲ. ಅಗಳಿ ಹಾಕಿದ್ದು ನಾನು. ಆಟದಲ್ಲಿ ಹೆಣ ಕಂಡು ಊರು ಅತ್ತುಬಿಟ್ಟರೆ ಬಾಗಿಲು ಬಡಿದ ಮಾತು ಅಲ್ಲಿಗೇ ಮುಗಿಯುತ್ತದೆ ಎಂದೇ ನಾನು ಸಾಯಿಸಿರಿ, ಸಾಯಿಸಿರಿ ಎಂದು ಗಂಟುಬಿದ್ದಿದ್ದು. ಹಾಡಿನ ಮಾತು ಬರಿಯ ನೆಪ. ಹಾಳೆಗಳನ್ನು ಅವನ ಮುಂದಿಟ್ಟು ನಾನೂ ಎದ್ದು ಹೋದೆ.

ಆ ಆಟ ಯಾರೂ ಆಡಲಿಲ್ಲ. ರೇಣಮ್ಮ ತಾನೇ ಹಣೆ ಒರೆಸಿಕೊಂಡು ಬರಿಗೈಯಲ್ಲಿ ತವರಿಗೆ ಹೋದಳು. ಮಾಸ್ತರ ಮತ್ತೆ ಆಟ ಬರೆಯಲಿಲ್ಲ. ನಮ್ಮ ಸೀಮೆ ಮೈಸೂರಿನೊಂದಿಗೆ ಕೂಡಿ ಒಂದಾದ ವರ್ಷ, ಎಲ್ಲರೂ ಪೇಡೆ ಹಂಚುತ್ತಿದ್ದಾಗ ಜ್ವರ ಬಂದು ಸತ್ತ. ಅಮೋಘಸಿದ್ದ ಊರಿನವರ ಕಣ್ಣೆದುರಲ್ಲೇ ಎದೆಗೆ ಗುಂಡು ತಿಂದ ಎಂದು ನಮ್ಮೂರಲ್ಲಿ ಈಗಲೂ ಭಾಷಣ ಮಾಡುತ್ತಾರೆ, ನಾನು ಮುಂದೆ ಕೂತು ಚಪ್ಪಾಳೆ ತಟ್ಟುತ್ತೇನೆ. ಬಾಗಿಲು ಹಾಕಿದವರ ಹೆಸರು ಹಿಡಿದು ಬರೆಯಿರಿ ಎಂದಿದ್ದಳು ರೇಣಮ್ಮ. ಉಳಿದ ಮೂವರದನ್ನೂ ಇಲ್ಲಿ ಬರೆದೆ. ನನ್ನದನ್ನು ಈಗಲೂ ಬರೆದಿಲ್ಲ.