ನೆಟ್ಟಗೆ ಹತ್ತಿಸಿದ ಹಂಪ್

ಹನಗೋಡಿನ ಪುಟ್ಟಮಲ್ಲಪ್ಪ ಮೊದಲು ಲಾರಿಯ ಕ್ಲೀನರ್ ಆಗಿದ್ದ. ಈಗ ಸ್ವಂತ ವ್ಯಾನ್ ಓಡಿಸುತ್ತಾನೆ. ಹೊಗೆಸೊಪ್ಪು ಮುರಿಯುವ ಹೆಂಗಸರನ್ನು ಬೆಳಿಗ್ಗೆ ಹೊಲಕ್ಕೆ ಬಿಟ್ಟು, ಸಂಜೆ ಮನೆ ಮುಟ್ಟಿಸುವುದು ಅವನ ಕೆಲಸ. ಸೀಟಿಗಾಗಿ ಅವರು ಎಷ್ಟೇ ಜಗಳವಾಡಲಿ, ಅವನು ಬಾಯಿ ಹಾಕುವುದಿಲ್ಲ. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಮಾತ್ರ ತಾನೇ ಇಳಿದು ನೋಡುತ್ತಾನೆ.

ಈ ಮಳೆಗಾಲದಲ್ಲಿ ವೀರನಹೊಸಹಳ್ಳಿ ಕಡೆಯ ರಸ್ತೆ ಕಿತ್ತುಹೋದ ಮೇಲೆ ಮುಂದಿನ ಚಕ್ರದ ಬಳಿ ಟಕ್ ಟಕ್ ಸದ್ದು ಶುರುವಾಯಿತು. ಗುಂಡಿಗೆ ಇಳಿದರೂ ಸದ್ದು, ಹಂಪ್ ಹತ್ತಿದರೂ ಸದ್ದು. ಸದ್ದು ಸ್ಟೇರಿಂಗಿನದೇ ಇರಬೇಕು; ಅದು ಕಳಚಿಕೊಂಡರೆ ಅಷ್ಟೂ ಜನರ ಗತಿ ಏನು? ನಾಳೆ ಗಾಡಿ ಬರುವುದಿಲ್ಲ ಎಂದು ಹೆಂಗಸರಿಗೆ ಹೇಳಿ, ಖಾಲಿ ವ್ಯಾನನ್ನು ಮೆಲ್ಲಗೆ ಹುಣಸೂರಿನ ಗ್ಯಾರೇಜಿನತ್ತ ತಿರುಗಿಸಿದ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ಹೆಂಡತಿ ಸಾಕಮ್ಮ ಪಕ್ಕದಲ್ಲಿ ಕುಳಿತಳು.

ಶಾಲೆಯ ಮುಂದೆ ಹಂಪ್ ಬಂತು. ಗಾಡಿಗೆ ಪೆಟ್ಟು ಬೀಳದಿರಲೆಂದು ಈ ಕಡೆಯ ಡ್ರೈವರುಗಳು ಮಾಡುವಂತೆ ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿದ. ಟಕ್, ಟಕ್.

"ತೊಟ್ಲು ತೂಗ್ತಿದ್ದೀರಾ? ಸೊಂಟ ಉಳುಕ್ತು ಕಣ್ರೀ! ನೆಟ್ಟಗೆ ಅತ್ತುಸ್ಬಾರ್ದಾ?" ಎಂದಳು ಸಾಕಮ್ಮ.

"ನಿನ್ ಸೊಂಟ ನೋಡ್ಲಾ, ಗಾಡಿ ನೋಡ್ಲಾ?"

"ಗಾಡಿ ಎಂಗೂ ಗ್ಯಾರೇಜಿಗೆ ಓಯ್ತದೆ. ನಾನೆಲ್ಲಿಗೆ ಓಗ್ಲಿ?"

ಮುಂದಿನ ಹಂಪನ್ನು ನೆಟ್ಟಗೆ ಹತ್ತಿಸಿದ. ಎರಡೂ ಚಕ್ರ ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ಸದ್ದಿಲ್ಲ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ವ್ಯಾನನ್ನು ಹಿಂದಕ್ಕೆ ತೆಗೆದು ಓರೆಯಾಗಿ ಹತ್ತಿಸಿದ. ಟಕ್! ಮತ್ತೆ ನೆಟ್ಟಗೆ. ಸದ್ದಿಲ್ಲ. ಬದಿಗೆ ನಿಲ್ಲಿಸಿ ಸ್ಟೇರಿಂಗನ್ನು ಅತ್ತಿತ್ತ ಅಲುಗಿಸಿದ. ಸಡಿಲವೂ ಇಲ್ಲ, ಸದ್ದೂ ಇಲ್ಲ.

"ತಲೆ ಗಿಲೆ ಕೆಟ್ಟದಾ?"

"ತಡಿಯೇ. ಒಂದ್ ಚಕ್ರ ಮ್ಯಾಲೆ, ಒಂದ್ ಚಕ್ರ ಕೆಳ್ಗೆ ಆದ್ರೇನೇ ಬಡೀತದೆ. ಇದು ಸ್ಟೇರಿಂಗ್ ಅಲ್ಲ ಅನ್ನಿಸ್ತದೆ ಕಣೇ!"

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮುದ್ದಯ್ಯ ಅದನ್ನೆಲ್ಲ ಕೇಳಿಸಿಕೊಂಡು ಗಾಡಿಯಡಿಗೆ ನುಸುಳಿದ. ಗಾಡಿ ವಾಲದಂತೆ ತಡೆಯುವ ಅಡ್ಡ ಸರಳನ್ನು ಚಕ್ರದ ಕಡೆಗೆ ಜೋಡಿಸುವ ಗೇಣುದ್ದದ ಲಿಂಕ್ ರಾಡನ್ನು ಹಿಡಿದು ಅಲ್ಲಾಡಿಸಿದ. ಅದೇ ಟಕ್ ಟಕ್. ಆಮೇಲೆ ಸ್ಟೇರಿಂಗಿನ ಕೀಲುಗಳನ್ನು ಒಂದೊಂದಾಗಿ ನೋಡಿ ಹೊರಬಂದ.

"ಅವೆಲ್ಲ ಬಿಗಿಯಾಗವೆ ಕಣಣ್ಣ. ಲಿಂಕ್ ರಾಡ್ ಸವ್ದದೆ, ಬದ್ಲಾಯ್ಸಿ ಕೊಡ್ತೀನಿ. ಜನ ಕೂರುಸ್ಕೊಂಡು ಆರಾಮಾಗಿ ಓಡ್ಸು."

ಪುಟ್ಟಮಲ್ಲಪ್ಪ ಅಲ್ಲೇ ಇದ್ದ ಟೈರಿನ ಮೇಲೆ ಕುಳಿತು ಉಸಿರು ಬಿಟ್ಟ. ಹೆಂಗಸರಲ್ಲಿ ಹಿರಿಯಳಾದ ಚಿಕ್ಕಸಿದ್ದಮ್ಮನಿಗೆ ಫೋನ್ ಮಾಡಿದ. "ಬೆಳಿಗ್ಗೆ ಬತ್ತೀನಿ ಕಣವ್ವ. ಗಾಡಿಗೆ ಏನೂ ಭಯ ಇಲ್ಲ."

"ಬೇರೆ ಗಾಡಿಗೆ ಏಳಿದ್ದೆ, ಬ್ಯಾಡ ಅಂತೀನಿ ಬುಡು," ಎಂದಳು ಆಕೆ. "ಒತ್ತಾರೆ ಬೇಗ ಬಾ, ಕಾಯುಸ್ಬೇಡ."