ಕೆಂಪು ಮೂಗಿನ ವರ

ತಪ್ಪು ನನ್ನದೇ. ಹೆಣ್ಣು ನೋಡಲು ಹೋಗುವ ಮುಂಚೆ ಮುಖ ಬೆಳ್ಳಗಾಗಲಿ ಎಂದು ಎರ್ನಾಕುಲಂನ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಒಂದು ಕ್ರೀಮು ಕೊಂಡೆ. ರೂಮ್‌ಮೇಟ್ ತನ್ನ ತೊಡೆಯ ಗಜಕರ್ಣಕ್ಕೆ ಹಚ್ಚುತ್ತಿದ್ದ ಕ್ರೀಮದು. ಅವನ ತೊಡೆ ಬೆಳ್ಳಗಾಗಿತ್ತು. ತೊಡೆಗೆ ಒದಗಿದ ಭಾಗ್ಯ ನನ್ನ ಮುಖಕ್ಕೇಕೆ ಬೇಡ?

ಮೊದಮೊದಲು ಮುಖ ಮಿರಮಿರ ಮಿಂಚಿತು. ಆಫೀಸಿನಲ್ಲಿ ಎಲ್ಲರ ಮಿಮಿಕ್ರಿ ಮಾಡುತ್ತಿದ್ದವನು ಹೀರೋನಂತೆ ನಡೆಯತೊಡಗಿದೆ. ಆಮೇಲೆ ಮೂಗು, ಕೆನ್ನೆ ಕೆಂಪೇರಿದವು, ಇಳಿಯಲೇ ಇಲ್ಲ. ಚರ್ಮದಡಿ ಕೆಂಪು ದಾರದೆಳೆಗಳಂಥ ನರಗಳು, ಮೇಲೆ ಗುಳ್ಳೆಗಳು. ಮೊಡವೆ ಎಂದುಕೊಂಡೆ. ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು, ಮೊಡವೆಯಾದರೆ ಬ್ಲ್ಯಾಕ್‌ಹೆಡ್ ಇರಬೇಕಿತ್ತು, ಇದು ರೊಸೇಶಿಯಾ ಎಂದರು. ಮುಖದ ರಕ್ತನಾಳಗಳಿಗೆ ಹಿಗ್ಗಲು ಒಂದು ನೆಪ ಸಾಕಂತೆ: ಬಿಸಿಲು, ಖಾರ, ಬಿಸಿ ಕಾಫಿ. ನನ್ನ ಸ್ಟೆರಾಯ್ಡ್ ಕ್ರೀಮು ಬೆಂಕಿಗೆ ತುಪ್ಪ ಸುರಿದಿತ್ತು. ಬೇರೆ ಜೆಲ್ ಬರೆದುಕೊಟ್ಟು, ಏನು ಕುಡಿದರೂ ತಣ್ಣಗೆ ಮಾಡಿಕೊಂಡು ಕುಡಿ ಎಂದು ಕಳಿಸಿದರು.

ಹೆಣ್ಣಿನ ಕಡೆಯವರು ತಿರುವನಂತಪುರದಲ್ಲೇ ನೆಲೆಸಿದ ಕನ್ನಡದವರು; ಅವರ ಮನೆಯಲ್ಲಿ ಹಬೆಯಾಡುವ ಕಾಫಿ ಬಂತು. ತಂದವಳು ಹುಡುಗಿಯೇ. ಫೋನಿನಲ್ಲಿ ಮಾತಾಡಿದಾಗಲೇ ಹಿಡಿಸಿದ್ದಳು. ಅವಳೊಬ್ಬಳು ಹೂಂ ಅಂದರೆ ಸಾಕಿತ್ತು ನನಗೆ. ಅವಳು ಕೊಟ್ಟ ಕಾಫಿ ಮುಟ್ಟದಿದ್ದರೆ ಹುಡುಗಿ ಬೇಡವೆಂದು ಹೇಳಿದ ಹಾಗೆ. ಮುಟ್ಟಿದರೆ ಮೂಗು ಟೊಮೆಟೊ. ಮೈಸೂರಿನಿಂದ ಬಂದಿದ್ದ ಅಮ್ಮ ಮೊಣಕೈಯಲ್ಲಿ ತಿವಿದರು. ಕುಡಿದೆ. ಕೆಂಪು ಕಿವಿಯವರೆಗೂ ಹರಡಿತು.

ಹುಡುಗಿಯ ಅಪ್ಪ ನನ್ನ ಮೂಗನ್ನೇ ನೋಡುತ್ತಾ ಲೋಟ ಕೆಳಗಿಟ್ಟರು. "ಸಂಜೆ ಹೊತ್ತು ಏನಾದ್ರೂ ತಗೊಳ್ಳೋ ಅಭ್ಯಾಸ ಇದೆಯಾ?"

ಇಲ್ಲ ಸಾರ್, ಇದು ಚರ್ಮದ ತೊಂದರೆ ಎಂದಿದ್ದರೆ ಮುಗಿಯುತ್ತಿತ್ತು. ನಾನು ಡಾಕ್ಟರಮ್ಮನ ದನಿಯಲ್ಲಿ ರಕ್ತನಾಳಗಳನ್ನು ಹಿಗ್ಗಿಸಿದೆ. ಅಮ್ಮ ಕೆಮ್ಮಿದರು. ಮೆಡಿಕಲ್ ಶಾಪಿನ ಮಲಯಾಳಿ ಅಣ್ಣನ ದನಿಯಲ್ಲಿ ಕ್ರೀಮು ಮಾರಿದೆ. ಯಾರೂ ನಗಲಿಲ್ಲ. ನಗದಿದ್ದರೆ ಬಿಡುವ ಜಾತಿಯೇ ನನ್ನದಲ್ಲ. ಹುಡುಗಿಯ ಅಪ್ಪನದೇ ದನಿಯಲ್ಲಿ, ಅದೇ ಗಾಂಭೀರ್ಯದಿಂದ, ಅದೇ ಪ್ರಶ್ನೆಯನ್ನು ಅವರಿಗೇ ತಿರುಗಿಸಿ ಕೇಳಿದೆ.

ಅವರ ಮುಖ ಕಾಫಿಯ ಹಂಗಿಲ್ಲದೆ ಕೆಂಪಾಯಿತು. ಅಷ್ಟು ಹೊತ್ತೂ ಅಪ್ಪನ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರಿಸುತ್ತಿದ್ದ ಹುಡುಗಿ, ನನಗೂ ತಿಳಿಯಲೆಂದು ಕನ್ನಡಕ್ಕಿಳಿದಳು:

"ಇವರು ಕುಡಿಯಲ್ಲ ಅಪ್ಪ, ನಂಬಿ. ಕುಡಿದಿದ್ರೆ ಇಷ್ಟೊತ್ತಿಗೆ ನಿದ್ದೆನಾದ್ರೂ ಮಾಡ್ತಿದ್ರು. ನಂಗೆ ಬೇಡ."